ಕೆಂಪು ಅನ್ನಬೇಡ

ಓಲೆಸುಂಡ್ ಬಂದರಿನ ಎದುರು, ಹಳೆಯ ಮೀನುಗೋದಾಮಿನ ಮೂರನೇ ಮಹಡಿ.
ಗೋಡೆ ಕೆರೆದರೆ ಈಗಲೂ ಉಪ್ಪು.
ಅಲ್ಲಿ ಕೂತು ಹನ್ನೊಂದು ವರ್ಷ
ಫೆರಿಗಳ ಚುಕ್ಕಾಣಿಕೋಣೆಗೆ ಪರದೆ ಬರೆದೆ:
ಆಳ ಎಷ್ಟು, ಗಾಳಿ ಎತ್ತ, ಎಂಜಿನ್ನಿಗೆ ಜ್ವರವೇ.

ಆಳ ಹತ್ತು ಮೀಟರಿಗಿಂತ ಇಳಿದರೆ ಕೆಂಪು, ಎಂದು ಬರೆದೆ.
ಎಣಿಸುವ ಸಾಲಿನಲ್ಲೇ ಬಣ್ಣ ಬೆರೆಸಿದೆ,
ಹಿಟ್ಟು ನಾದುವಾಗಲೇ ಅರಿಶಿನ ಉದುರಿಸಿದ ಹಾಗೆ.
ಆಮೇಲೆ ಆರಿಸಿ ತೆಗೆಯುವವರು ಯಾರು?
ಯಾರೂ ಕೇಳಲಿಲ್ಲ. ಚೆಂದವಿತ್ತು. ಹಗಲಿತ್ತು.

ನವೆಂಬರಿನಲ್ಲಿ ಕ್ಯಾಪ್ಟನ್ ಹಾಲ್‌ಗೈರ್ ಫೋನು ಮಾಡಿದ.
"ನಿನ್ನ ಬಿಳಿ ಪರದೆ ನನ್ನ ಕಿಟಕಿಯನ್ನು ತಿನ್ನುತ್ತಿದೆ, ಮಾರಾಯ.
ಅದನ್ನು ನೋಡಿ ತಲೆಯೆತ್ತಿದರೆ
ಬಂಡೆ ಇಲ್ಲ, ದಡ ಇಲ್ಲ, ಎದುರು ಬರುವ ದೋಣಿಯ ದೀಪವಿಲ್ಲ,
ರೆಪ್ಪೆಯೊಳಗೆ ಬರೀ ಒಂದು ಬೆಳ್ಳನೆ ಚೌಕ.
ನಿನ್ನೆ ಅದಕ್ಕೆ ನನ್ನ ಕೋಟು ಹೊದಿಸಿ ದಾಟಿದೆ."

ಬಿಳಿಯನ್ನು ಹುಡುಕಿದೆ. ಸಾವಿರದ ನಾನೂರ ಹನ್ನೆರಡು ಕಡೆ ಸಿಕ್ಕಿತು.
ಒಂದೇ ಏಟಿಗೆ ಎಲ್ಲವನ್ನೂ ಕಪ್ಪಾಗಿಸಿದೆ.
ಬೆಳ್ಳಗಿರುವುದೆಲ್ಲ ಹಾಲಲ್ಲ, ಗೊತ್ತಿರಬೇಕಿತ್ತು:
ಒಂದು ಬಿಳಿ ಹಿನ್ನೆಲೆ, ಒಂದು ಅಕ್ಷರ,
ಇನ್ನೊಂದು, ನಕ್ಷೆಯ ಮೇಲಿನ ದೀಪಸ್ತಂಭ.
ಆರಿಸಿಬಿಟ್ಟಿದ್ದೆ ಅದನ್ನು
ಗೋದಾಮಿನಲ್ಲಿ ಕಾಫಿ ಕುಡಿಯುತ್ತ.

ಸುನ್ನಿವಾ ಬಂದಿದ್ದು ಆಗ.
ಬೇರ್ಗೆನ್ನಿನ ನಾಟಕಶಾಲೆಯಲ್ಲಿ ದೀಪ ಹಾಕುತ್ತಿದ್ದವಳು,
ಕೋಡಿನ ಒಂದು ಸಾಲೂ ಓದಲಾರಳು.
"ಸಾಯುವ ಪಾತ್ರಕ್ಕೆ ತನ್ನ ಮೇಲೆ ಯಾವ ಬೆಳಕು ಬಿದ್ದಿದೆ
ಗೊತ್ತಿರಬೇಕಿಲ್ಲ. ಸತ್ತರೆ ಸಾಕು.
ನೀನು ಕೆಂಪು ಅನ್ನಬೇಡ, ಅಪಾಯ ಅನ್ನು.
ಅಪಾಯ ಯಾವ ಬಣ್ಣದ್ದು, ಅದು ನನಗಿರಲಿ."

ನನಗೆ ಉರಿಯಿತು, ಸುಳ್ಳು ಯಾಕೆ ಹೇಳಲಿ.
ಹನ್ನೊಂದು ವರ್ಷದ ಸಂಸಾರದಲ್ಲಿ
ಪಾತ್ರೆ ನಿನ್ನದು ಸೀರೆ ನನ್ನದು ಎಂದ ಹಾಗಾಯಿತು.

ಚಳಿಗಾಲವೆಲ್ಲ ಹೆಸರಿಡುವ ಕೆಲಸ.
ಇದು ಹಿನ್ನೆಲೆ. ಇದು ಎಚ್ಚರಿಕೆ. ಇದು ಮುಟ್ಟಬಹುದಾದದ್ದು.
ಒಂದು ಬೂದುಬಣ್ಣದ ಹತ್ತಿರ ಇಬ್ಬರೂ ನಿಂತೆವು.
"ಇದು ಏನನ್ನು ಹೇಳುತ್ತದೆ?"
ನೆನಪು ಕೆದಕಿದೆ. ಏನನ್ನೂ ಹೇಳುತ್ತಿರಲಿಲ್ಲ ಅದು.
ಅವತ್ತು ನಾನು ಹಾಕಿಕೊಂಡಿದ್ದ ಸ್ವೆಟರಿನ ಬಣ್ಣ, ಅಷ್ಟೆ.
ಅವಳು ನಗಲಿಲ್ಲ. ಅಳಿಸು ಎಂದೂ ಅನ್ನಲಿಲ್ಲ.
'ಸುಮ್ಮನಿರುವುದು' ಎಂದು ಬರೆದುಕೊಂಡಳು.

ಕೊನೆಗೆ ಉಳಿದದ್ದು ಮೂರು ಸಣ್ಣ ಕಡತ:
ಹಗಲು, ಮುಸ್ಸಂಜೆ, ಇರುಳು.
ಒಂದೊಂದೂ ಕಿರಾಣಿ ಚೀಟಿಯಷ್ಟು ಉದ್ದ.
ಅವನ್ನು ಅವಳು ದಿನಕ್ಕೆ ಹತ್ತು ಸಲ ತಿದ್ದಿದಳು,
ನನ್ನ ಕೋಡಿಗೆ ಕೆಮ್ಮು ಕೂಡ ಬರಲಿಲ್ಲ.

ಫೆಬ್ರವರಿಯ ಒಂದು ರಾತ್ರಿ ಹಾಲ್‌ಗೈರನ ಪಕ್ಕ ನಿಂತು ದಾಟಿದೆ.
ಅವನು ಗುಂಡಿ ತಿರುವಿದ. ಪರದೆ
ಬೂದಿ ಮುಚ್ಚಿದ ಕೆಂಡದಂತೆ ಕುಗ್ಗಿತು,
ಕಿಟಕಿ ಹುಟ್ಟಿತು:
ಮೊದಲು ಹಿಮದ ಅಂಚು, ಆಮೇಲೆ ನೀರು,
ಆಮೇಲೆ, ತುಂಬ ದೂರ, ಯಾರದೋ ಅಡುಗೆಮನೆ.

ಪರದೆಯಲ್ಲಿ ನನ್ನದನ್ನು ಹುಡುಕಿದೆ. ಕಣ್ಣಿಗೆ ಬೀಳುವಂಥದ್ದು ಒಂದೂ ಇರಲಿಲ್ಲ.
"ಯಾರು ಮಾಡಿದ್ದು?" ಎಂದ. "ಸುನ್ನಿವಾ" ಎಂದೆ.
ಹದಿಮೂರು. ಹನ್ನೊಂದು.
ಅಂಕಿಗಳು ಮಾತ್ರ ನನ್ನವು, ಸರಿಯಾಗಿ ಇಳಿಯುತ್ತಿದ್ದವು.

ಒಂಬತ್ತಕ್ಕೆ, ನಾನು ಬರೆದ 'ಅಪಾಯ' ಎದ್ದು
ಅವಳ ಬಣ್ಣ ತೊಟ್ಟುಕೊಂಡು ಬಂತು.
ಕೆಂಪಲ್ಲ. ಹಳದಿಯೂ ಅಲ್ಲ.
ಹಾಲ್‌ಗೈರ್ ಏನೂ ಹೇಳದೆ ವೇಗ ತಗ್ಗಿಸಿದ.

ಅದು ಯಾವ ಬಣ್ಣವೆಂದು
ಇವತ್ತಿನವರೆಗೂ ಆ ಕಡತ ತೆರೆದು ನೋಡಿಲ್ಲ ನಾನು.